ಬಿಎಂಎಕ್ಸ್ ಫೋರ್ಕ್: ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ, ಹಳೆಯದನ್ನು ಕೊಳ್ಳುವ ಮುನ್ನ ಏನು ನೋಡಬೇಕು

ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಸಾಮಾನಿಗೆ ಈಗ ಹೊಸ ಸೈಕಲ್ಲಿನ ಬೆಲೆ ಬಂದಿದೆ. 1970-80ರ ದಶಕದ ಬಿಎಂಎಕ್ಸ್ (ಬೈಸಿಕಲ್ ಮೋಟೊಕ್ರಾಸ್, ಅಂದರೆ ಮಣ್ಣಿನ ದಿಬ್ಬಗಳ ಮೇಲೆ ನೆಗೆದು ಓಡಿಸುವ ಪುಟ್ಟ ಸೈಕಲ್) ಸೈಕಲ್ಲುಗಳ ಬಿಡಿಭಾಗಗಳನ್ನು, ಅದರಲ್ಲೂ ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಫೋರ್ಕುಗಳನ್ನು, ಹುಡುಕಿಕೊಂಡು ಹೋಗಿ ಕೊಳ್ಳುವವರು ಹೆಚ್ಚಾಗಿದ್ದಾರೆ. ಚಿಕ್ಕವರಿದ್ದಾಗ ಅವನ್ನು ಓಡಿಸಿದವರಿಗೆ ಈಗ ಐವತ್ತು ದಾಟಿದೆ. ಇನ್ನೊಂದು ಕಡೆ, ಬಿಎಂಎಕ್ಸ್ ರೇಸ್ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ, ಕಸರತ್ತಿನ ಫ್ರೀಸ್ಟೈಲ್ ಸ್ಪರ್ಧೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಈ ಇಪ್ಪತ್ತು ಇಂಚಿನ ಸೈಕಲ್ಲಿನ ಗುರುತು ಇಲ್ಲದವರಿಗೂ ಅದರ ಬಗ್ಗೆ ಕುತೂಹಲ ಹುಟ್ಟಿದೆ.

ಕೈಗೆ ಒಂದು ಹಳೆಯ ಫೋರ್ಕ್ ಸಿಕ್ಕಾಗ ಎರಡು ಪ್ರಶ್ನೆ ಏಳುತ್ತವೆ. ಇದಕ್ಕೆ ಬೆಲೆ ಇದೆಯೇ? ಇದನ್ನು ಹಾಕಿಕೊಂಡು ಓಡಿಸಬಹುದೇ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಗೋಡೆಗೆ ತೂಗುಹಾಕಲು ಅಮೂಲ್ಯವಾದ ಫೋರ್ಕ್ ಮೊದಲ ನೆಗೆತಕ್ಕೇ ಮುರಿಯಬಹುದು. ಹೆಸರೇ ಇಲ್ಲದ, ಬಣ್ಣ ಕಿತ್ತುಹೋದ ಫೋರ್ಕ್ ಇನ್ನೂ ವರ್ಷಗಟ್ಟಲೆ ದುಡಿಯಬಹುದು. ಎರಡಕ್ಕೂ ಉತ್ತರ ಬೇಕಾದರೆ ಫೋರ್ಕಿನ ಮೇಲೆ ಭಾರ ಎಲ್ಲಿ ಬೀಳುತ್ತದೆ ಎಂಬುದು ಮೊದಲು ತಿಳಿಯಬೇಕು.

## ಫೋರ್ಕಿನ ಅಂಗಾಂಗ

ಚಕ್ರದ ಎರಡೂ ಪಕ್ಕ ಇಳಿಯುವ ಕೊಳವೆಗಳಿಗೆ ಕಾಲುಗಳು ಎನ್ನೋಣ. ಕಾಲುಗಳ ತುದಿಯಲ್ಲಿ ಆಕ್ಸಲ್ ಕೂರುವ, ಸೀಳು ಇರುವ ದಪ್ಪ ತಗಡುಗಳೇ ಡ್ರಾಪ್‌ಔಟ್. ಕಾಲುಗಳೆರಡೂ ಮೇಲೆ ಕೂಡಿಕೊಂಡು ಒಂದೇ ಕೊಳವೆಗೆ ಬೆಸೆದುಕೊಳ್ಳುತ್ತವೆ. ಆ ಕೊಳವೆ ಸೈಕಲ್ಲಿನ ಚೌಕಟ್ಟಿನ ಮುಂಭಾಗದ ಹೆಡ್ ಟ್ಯೂಬ್ ಒಳಗೆ ತೂರಿ ಮೇಲಕ್ಕೆ ಬರುತ್ತದೆ. ಇದರ ಹೆಸರು ಸ್ಟೀಯರರ್. ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ ಇದರ ತುದಿಗೆ ಸೇರುತ್ತದೆ. ಸ್ಟೀಯರರ್ ಸರಾಗವಾಗಿ ತಿರುಗಲು ಹೆಡ್ ಟ್ಯೂಬಿನ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತವೆ. ಈ ಜೋಡಣೆಗೆ ಹೆಡ್‌ಸೆಟ್ ಎನ್ನುತ್ತಾರೆ. ಕೆಳಗಿನ ಬೇರಿಂಗ್ ಕೂರಲು ಸ್ಟೀಯರರ್ ಬುಡದಲ್ಲಿ ಬಿಗಿಯಾಗಿ ತೊಡಿಸಿದ ಉಂಗುರವೇ ಕ್ರೌನ್ ರೇಸ್.

ಈ ಉಂಗುರ ಇರುವ ಜಾಗವನ್ನು ನೆನಪಿನಲ್ಲಿಡಿ. ಮುಂದಿನ ಬಹುಪಾಲು ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

## ಭಾರ ಬೀಳುವ ಜಾಗ

ಗೋಡೆಗೆ ಹೊಡೆದ ಗೂಟದ ತುದಿಗೆ ನೀರು ತುಂಬಿದ ಕೊಡ ನೇತುಹಾಕಿದರೆ ಗೂಟ ಎಲ್ಲಿ ಮುರಿಯುತ್ತದೆ? ತುದಿಯಲ್ಲಿ ಅಲ್ಲ, ನಡುವೆಯೂ ಅಲ್ಲ, ಗೋಡೆಗೆ ಸೇರುವ ಬುಡದಲ್ಲಿ. ಫೋರ್ಕ್ ಕೂಡ ಹೀಗೆಯೇ ಒಂದು ಗೂಟ. ಹೆಡ್ ಟ್ಯೂಬ್ ಅದರ ಗೋಡೆ, ಆಕ್ಸಲ್ ಅದರ ತುದಿ. ಆಕ್ಸಲ್‌ನಿಂದ ಕ್ರೌನ್ ರೇಸ್‌ವರೆಗಿನ ದೂರ ಬಿಎಂಎಕ್ಸ್‌ನಲ್ಲಿ ಸುಮಾರು 315 ಮಿಲಿಮೀಟರ್. ತುದಿಯಲ್ಲಿ ನೂರು ಕಿಲೋ ತೂಕದಷ್ಟು ಬಲ ಅಡ್ಡಲಾಗಿ ತಳ್ಳಿದರೆ ಬುಡದಲ್ಲಿ ಸುಮಾರು 310 ನ್ಯೂಟನ್-ಮೀಟರ್ ತಿರುಚುಬಲ ಹುಟ್ಟುತ್ತದೆ. ಕಾರಿನ ಚಕ್ರದ ನಟ್ಟುಗಳನ್ನು ಸಾಮಾನ್ಯವಾಗಿ ನೂರರ ಆಸುಪಾಸಿನ ನ್ಯೂಟನ್-ಮೀಟರ್‌ಗೆ ಬಿಗಿಯುತ್ತಾರೆ. ಹೋಲಿಸಿಕೊಂಡರೆ ಇದು ಎಷ್ಟೆಂಬ ಅಂದಾಜು ಸಿಗುತ್ತದೆ.

ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದು, ಒಂದು ಮೀಟರ್ ಎತ್ತರದಿಂದ ಇಳಿದರು ಎಂದುಕೊಳ್ಳಿ. ಮೊಣಕಾಲು, ಮೊಣಕೈ ಮಡಿಸಿ 30 ಸೆಂಟಿಮೀಟರ್ ಅಂತರದಲ್ಲಿ ವೇಗ ಇಳಿಸಿದರೆ ಸರಾಸರಿ ಬಲ ತೂಕದ ನಾಲ್ಕು ಪಟ್ಟಿನ ಆಸುಪಾಸು. ಕೈಕಾಲು ಸೆಟೆದುಕೊಂಡು 10 ಸೆಂಟಿಮೀಟರ್‌ನಲ್ಲೇ ನಿಂತರೆ ಹತ್ತು ಪಟ್ಟಿಗೂ ಮಿಕ್ಕು. ಒಂದೇ ಫೋರ್ಕ್ ನುರಿತ ಸವಾರನ ಕೈಯಲ್ಲಿ ಹತ್ತು ವರ್ಷ ಬಾಳಿ, ಹೊಸಬನ ಕೈಯಲ್ಲಿ ಒಂದೇ ವರ್ಷಕ್ಕೆ ಬಾಗುವುದು ಇದರಿಂದಲೇ.

ಬಲದ ದಿಕ್ಕು ಕೂಡ ಮುಖ್ಯ. ಸ್ಟೀಯರರ್ ನೆಟ್ಟಗೆ ನಿಂತಿರುವುದಿಲ್ಲ. ನೆಲಕ್ಕೆ ಸುಮಾರು 74-75 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಮೇಲಿನಿಂದ ಇಳಿದಾಗ ನೆಲ ಕೊಡುವ ಪೆಟ್ಟು ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ಕಟ್ಟೆಗೆ ಅಥವಾ ದಿಬ್ಬಕ್ಕೆ ಚಕ್ರ ಗುದ್ದಿದಾಗ, ಮುಂದಿನ ಬ್ರೇಕ್ ಹಿಡಿದಾಗ ಬಲ ಹಿಂದಕ್ಕೆ ಬೀಳುತ್ತದೆ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಕಬ್ಬಿಣದ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಾಗಿಸುತ್ತ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಅದೇ ಕ್ರಿಯೆ ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸಾವಿರಾರು ಸಲ ನಡೆಯುತ್ತದೆ. ಲೋಹದ ಈ ದಣಿವಿಗೆ ಇಂಜಿನಿಯರುಗಳು ಫೆಟೀಗ್ ಎನ್ನುತ್ತಾರೆ. ಬಿರುಕು ಮೊದಲು ಕೂದಲೆಳೆಯಷ್ಟಿರುತ್ತದೆ. ಕೊಳವೆಯ ಸುತ್ತ ನಿಧಾನಕ್ಕೆ ಹರಿದು, ಉಳಿದ ಲೋಹಕ್ಕೆ ತಾಳಲಾಗದ ದಿನ ಒಮ್ಮೆಗೇ ಕತ್ತರಿಸುತ್ತದೆ. ಆಗ ಮುಂದಿನ ಚಕ್ರ ಸೈಕಲ್ಲಿನಿಂದಲೇ ಬೇರೆಯಾಗುತ್ತದೆ. ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ಬೇರೆ ಯಾವ ಭಾಗ ಮುರಿದರೂ ಸಾವರಿಸಿಕೊಳ್ಳಲು ಒಂದು ಕ್ಷಣ ಸಿಗಬಹುದು, ಇಲ್ಲಿ ಅದೂ ಸಿಗುವುದಿಲ್ಲ.

## ಒಂದೊಂದು ಮುರಿತಕ್ಕೆ ಒಂದೊಂದು ಉತ್ತರ

ಬಿಎಂಎಕ್ಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರಿಂದ. ದೊಡ್ಡವರ ಮೋಟಾರ್ ಸೈಕಲ್ ಮೋಟೊಕ್ರಾಸ್ ರೇಸು ನೋಡಿ, ಅದನ್ನೇ ತಮ್ಮ ಸೈಕಲ್ಲುಗಳಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಆಡಿದರು. 1970ರಲ್ಲಿ ಲಾಂಗ್ ಬೀಚ್‌ನ ಖಾಲಿ ಸೈಟಿನಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ ಹುಡುಗ ರೇಸ್ ಏರ್ಪಡಿಸಿದಾಗ ಅವನಿನ್ನೂ ಹದಿಹರೆಯದ ಹೊಸ್ತಿಲಲ್ಲಿದ್ದ. ಆಗ ಕೈಗೆ ಸಿಗುತ್ತಿದ್ದದ್ದು 1963ರಲ್ಲಿ ಬಂದ ಶ್ವಿನ್ ಸ್ಟಿಂಗ್-ರೇ ಮತ್ತು ಅಂಥವೇ ಬೀದಿ ಸೈಕಲ್ಲುಗಳು. ನೆಗೆಯಲು ಮಾಡಿದ ಸೈಕಲ್ಲುಗಳಲ್ಲ.

ಅವುಗಳ ತೆಳು ಫೋರ್ಕುಗಳು ಬಾಗಿದವು. ಗಟ್ಟಿ ಬೇಕಾದವರು ಕುಲುಮೆಯಲ್ಲಿ ಬಡಿದು ಮಾಡಿದ, ಚಪ್ಪಟೆ ಕಾಲಿನ ಫೋರ್ಕಿಗೆ ಹೋದರು. ಓಹಾಯೊ ರಾಜ್ಯದ ಆಷ್ಟಬ್ಯೂಲಾ ಊರಿನ ಕಾರ್ಖಾನೆಯ ಹೆಸರೇ ಈ ಬಗೆಗೆ ಅಂಟಿಕೊಂಡು, ಇಂದಿಗೂ ಸಂಗ್ರಾಹಕರ ಬಾಯಲ್ಲಿ ಅದು ‘ಆಷ್ಟಬ್ಯೂಲಾ ಫೋರ್ಕ್’. ಇದು ಭಾರ, ಆದರೆ ಒಮ್ಮೆಗೇ ತುಂಡಾಗುವ ಗುಣ ಕಡಿಮೆ. ಬಾಗಿ ಸೂಚನೆ ಕೊಡುತ್ತದೆ.

ಭಾರ ಇಳಿಸಿ ಬಲ ಉಳಿಸಿಕೊಳ್ಳುವ ದಾರಿಯನ್ನು ತೋರಿಸಿದವರು ರೆಡ್‌ಲೈನ್ ಸಂಸ್ಥೆಯ ಲಿನ್ ಕಾಸ್ಟನ್. ಮೋಟಾರ್ ಸೈಕಲ್ ರೇಸಿನ ಚೌಕಟ್ಟು ಮಾಡುತ್ತಿದ್ದ ಅವರು 1974ರ ಹೊತ್ತಿಗೆ ಕ್ರೋಮೊಲಿ ಎಂಬ ಗಟ್ಟಿ ಮಿಶ್ರ ಉಕ್ಕಿನ ಕೊಳವೆಯಿಂದ ಬಿಎಂಎಕ್ಸ್ ಫೋರ್ಕ್ ಮಾಡಿದರು. ಇಲ್ಲಿಂದ ಮುಂದೆ ಟೊಳ್ಳು ಕಾಲುಗಳ ಕಾಲ. ಜಪಾನಿನ ಟ್ಯಾಂಗೆ ಕಂಪನಿ ಇಂಥ ಫೋರ್ಕುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ಜನಕ್ಕೆ ಮುಟ್ಟಿಸಿತು. ಬ್ರೈಟ್‌ಹಾಪ್ಟ್ ಮುಂದೆ ಕಟ್ಟಿದ ಎಸ್‌ಇ ರೇಸಿಂಗ್‌ನ ‘ಲ್ಯಾಂಡಿಂಗ್ ಗಿಯರ್’ ಫೋರ್ಕಿಗೆ ವಿಮಾನದ ಚಕ್ರಗಳ ಹೆಸರಿಟ್ಟಿದ್ದು ಅದರ ದಪ್ಪ ಕಾಲು ನೋಡಿದರೆ ಒಪ್ಪುತ್ತದೆ. ಕಾಲುಗಳ ಮೇಲ್ತುದಿಯನ್ನು ಒಳಕ್ಕೆ ಬಾಗಿಸಿ ನೇರವಾಗಿ ಸ್ಟೀಯರರ್‌ಗೆ ಬೆಸೆಯುವ ವಿಧಾನಕ್ಕೆ ಯೂನಿಕ್ರೌನ್ ಎನ್ನುತ್ತಾರೆ. ಇದು ಬಿಎಂಎಕ್ಸ್‌ನಿಂದ ಮೌಂಟನ್ ಬೈಕುಗಳಿಗೂ ಹಬ್ಬಿತು.

ಕಾಲು ಗಟ್ಟಿಯಾದ ಮೇಲೆ ದೌರ್ಬಲ್ಯ ಸ್ಟೀಯರರ್‌ಗೆ ಏರಿತು. ಆಗಿನ ಸ್ಟೀಯರರ್ 1 ಇಂಚು, ಅಂದರೆ 25.4 ಮಿ.ಮೀ. ದಪ್ಪ. ಮೇಲ್ತುದಿಗೆ ಥ್ರೆಡ್ ಹಾಕಿ ನಟ್ಟಿನಿಂದ ಹೆಡ್‌ಸೆಟ್ ಬಿಗಿಯುತ್ತಿದ್ದರು. ಇಲ್ಲೊಂದು ಜಾಣ ಲೆಕ್ಕವಿದೆ. ಅದೇ ಹೊರದಪ್ಪದ ಸಾಮಾನ್ಯ ರೋಡ್ ಸೈಕಲ್ಲಿನ ಸ್ಟೀಯರರ್ ಒಳಗೆ 22.2 ಮಿ.ಮೀ. ಸ್ಟೆಮ್ ಇಳಿಯುತ್ತದೆ. ಕೊಳವೆಯ ಗೋಡೆ 1.6 ಮಿ.ಮೀ. ಮಾತ್ರ. ಬಿಎಂಎಕ್ಸ್‌ನಲ್ಲಿ ಸ್ಟೆಮ್ 21.1 ಮಿ.ಮೀ., ಗೋಡೆ ಸುಮಾರು 2.1 ಮಿ.ಮೀ. ಥ್ರೆಡ್ ಕೊರೆದಾಗ ಅದರಲ್ಲಿ ಸುಮಾರು 0.65 ಮಿ.ಮೀ. ಹೋಗುತ್ತದೆ. ಉಳಿಯುವುದು ಒಂದರಲ್ಲಿ 0.95, ಇನ್ನೊಂದರಲ್ಲಿ 1.45. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕೊಳವೆಗಳ ನಡುವೆ ಒಂದೂವರೆ ಪಟ್ಟು ಅಂತರ. ಇದನ್ನು ಅರಿಯದೆ ರೋಡ್ ಸೈಕಲ್ಲಿನ ಸ್ಟೆಮ್ ತಂದು ‘ಒಳಗೆ ಇಳಿಯುತ್ತಿಲ್ಲ’ ಎಂದು ಫೋರ್ಕಿನ ಒಳಗೋಡೆಯನ್ನು ಉಜ್ಜಿ ಅಗಲ ಮಾಡಿದವರಿದ್ದಾರೆ. ಹಾಗೆ ಉಜ್ಜಿದ ಫೋರ್ಕನ್ನು ಓಡಿಸಬಾರದು.

ಥ್ರೆಡ್‌ನ ಪ್ರತಿಯೊಂದು ತಗ್ಗೂ ಬಿರುಕಿಗೆ ಆಹ್ವಾನ. ಬಟ್ಟೆ ಹರಿಯುವಾಗ ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಸೀಳು ಕೊಟ್ಟರೆ ಅಲ್ಲಿಂದಲೇ ಹರಿಯುತ್ತದಲ್ಲ, ಹಾಗೆ. ಸ್ಟೆಮ್ಮಿನ ತುದಿಯಲ್ಲಿ ಇರುವ, ಬೋಲ್ಟ್ ಬಿಗಿದಾಗ ಹಿಗ್ಗುವ ಬೆಣೆ ಈ ಥ್ರೆಡ್ ಇರುವ ಎತ್ತರದಲ್ಲೇ ಕೂತರೆ ಒಳಗಿನಿಂದಲೂ ಒತ್ತಡ ಬಿದ್ದು ಸ್ಟೀಯರರ್ ಉಬ್ಬುತ್ತದೆ, ಸೀಳುತ್ತದೆ. ಬೆಣೆ ಯಾವಾಗಲೂ ಥ್ರೆಡ್ ಮುಗಿದ ಮೇಲೆ, ಅದಕ್ಕಿಂತ ಕೆಳಗೆ ಕೂರಬೇಕು. ಹ್ಯಾಂಡಲ್ ಎತ್ತರ ಸಾಲದೆಂದು ಸ್ಟೆಮ್ಮನ್ನು ಮೇಲಕ್ಕೆಳೆಯುವವರು ಈ ತಪ್ಪನ್ನೇ ಮಾಡುತ್ತಾರೆ.

1990ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಸ್ಟೀಯರರ್ ಒಂದರ ಮೇಲೆ ಎಂಟನೇ ಒಂದು ಇಂಚಿಗೆ (28.6 ಮಿ.ಮೀ.) ದಪ್ಪವಾಯಿತು. ಹೊರಗಿನ ಥ್ರೆಡ್ ಮಾಯವಾಯಿತು. ಸ್ಟೆಮ್ ಒಳಗಿಳಿಯುವ ಬದಲು ಹೊರಗಿನಿಂದ ಅಪ್ಪಿಕೊಳ್ಳತೊಡಗಿತು. ಬರೀ ಮೂರು ಮಿಲಿಮೀಟರ್ ದಪ್ಪವಾದರೆ ಏನು ಮಹಾ ಎನಿಸಬಹುದು. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಕೊಳವೆಯ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದರೂ ಬಲ ಸುಮಾರು ಕಾಲು ಭಾಗ ಹೆಚ್ಚು.

ಈಗಿನ ಒಳ್ಳೆಯ ಫೋರ್ಕುಗಳಲ್ಲಿ ಕ್ರೌನ್ ರೇಸ್ ಬೇರೆ ಉಂಗುರವಾಗಿ ಇರುವುದೇ ಇಲ್ಲ. ದಪ್ಪ ಕೊಳವೆಯನ್ನೇ ಕಡೆದು ಬುಡದಲ್ಲಿ ಅಗಲ, ಮೇಲೆ ಸಪೂರ ಮಾಡಿ, ಬೇರಿಂಗ್ ಕೂರುವ ಇಳಿಜಾರನ್ನು ಅದರಲ್ಲೇ ತೆಗೆಯುತ್ತಾರೆ. ಲೋಹ ಬೇಕಾದಲ್ಲಿ ಹೆಚ್ಚು, ಬೇಡವಾದಲ್ಲಿ ಕಡಿಮೆ. ಇಂಥ ಫೋರ್ಕ್ ಸುಮಾರು ಒಂದು ಕಿಲೋ ತೂಗುತ್ತದೆ.

## ಕ್ರೋಮೊಲಿ ಎಂದರೆ ಏನು, ಏನಲ್ಲ

ಹಳೆಯ ಫೋರ್ಕುಗಳ ಸ್ಟಿಕ್ಕರಿನಲ್ಲಿ ‘4130’ ಎಂಬ ಸಂಖ್ಯೆ ಕಾಣುತ್ತದೆ. ಇದು ಉಕ್ಕಿನ ದರ್ಜೆ. ಸುಮಾರು 0.3 ಶೇಕಡಾ ಇಂಗಾಲ, 1 ಶೇಕಡಾದ ಹತ್ತಿರ ಕ್ರೋಮಿಯಂ, 0.2 ಶೇಕಡಾದಷ್ಟು ಮಾಲಿಬ್ಡಿನಂ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿ ಕ್ರೋಮೊಲಿ. ಹೆಸರಿನಲ್ಲಿ ಕ್ರೋಮ್ ಇದೆಯೆಂದು ತುಕ್ಕು ಹಿಡಿಯುವುದಿಲ್ಲ ಎಂದು ಭಾವಿಸಬೇಡಿ, ಸಾದಾ ಉಕ್ಕಿನಂತೆಯೇ ಹಿಡಿಯುತ್ತದೆ. ಹೊಳೆಯುವ ಕ್ರೋಮ್ ಲೇಪನ ಬೇರೆ ವಿಷಯ.

ಇನ್ನೊಂದು ತಪ್ಪು ನಂಬಿಕೆ, ಕ್ರೋಮೊಲಿ ಹೆಚ್ಚು ಬಿರುಸು, ಕಡಿಮೆ ಬಳುಕುತ್ತದೆ ಎಂಬುದು. ಒಂದೇ ಅಳತೆಯ ಎರಡು ಕೊಳವೆ, ಒಂದು ಅಗ್ಗದ ಉಕ್ಕು, ಒಂದು ಕ್ರೋಮೊಲಿ, ಒಂದೇ ಭಾರಕ್ಕೆ ಸಮನಾಗಿ ಬಳುಕುತ್ತವೆ. ವ್ಯತ್ಯಾಸ ಇರುವುದು ಭಾರ ತೆಗೆದ ಮೇಲೆ. ಅಗ್ಗದ ಉಕ್ಕು ಬೇಗನೆ ಬಾಗಿದಂತೆಯೇ ಉಳಿದುಬಿಡುತ್ತದೆ, ಕ್ರೋಮೊಲಿ ಇನ್ನೂ ಹೆಚ್ಚಿನ ಭಾರದವರೆಗೆ ತನ್ನ ಆಕಾರಕ್ಕೆ ಮರಳುತ್ತದೆ. ಆದ್ದರಿಂದ ಗೋಡೆ ತೆಳುವಾಗಿಸಿ ತೂಕ ಇಳಿಸಲು ಸಾಧ್ಯ.

ಬೆಸುಗೆ ಹಾಕಿದಾಗ ಪಕ್ಕದ ಲೋಹದ ಗುಣ ಕೆಡುತ್ತದೆ. ಅದಕ್ಕೆ ಇಂದಿನ ಕೆಲವು ತಯಾರಕರು ಬೆಸುಗೆಯ ನಂತರ ಇಡೀ ಫೋರ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಒಡಿಸ್ಸಿ (Odyssey) ಎಂಬ ಬಿಎಂಎಕ್ಸ್ ಬಿಡಿಭಾಗಗಳ ಕಂಪನಿಯವರು ತಮ್ಮ ಪ್ರಕ್ರಿಯೆಗೆ ‘41-ಥರ್ಮಲ್’ ಎಂಬ ಹೆಸರೇ ಇಟ್ಟಿದ್ದಾರೆ. 1970-80ರ ದಶಕದ ಫೋರ್ಕುಗಳಿಗೆ ಇಂಥ ಹದ ಇತ್ತೆಂದು ಊಹಿಸಿಕೊಂಡು ಓಡಿಸಬೇಡಿ.

ಅಯಸ್ಕಾಂತ ಹಿಡಿದು ಕ್ರೋಮೊಲಿ ಹೌದೋ ಅಲ್ಲವೋ ಹೇಳಲಾಗದು, ಎರಡೂ ಅಂಟುತ್ತವೆ. ಬೆರಳನ್ನು ಸ್ಟೀಯರರ್ ಒಳಗೆ ಹಾಕಿ ಸವರಿ. ಉದ್ದಕ್ಕೂ ಒಂದು ಏಣು ತಗುಲಿದರೆ ಅದು ತಗಡನ್ನು ಸುತ್ತಿ ಬೆಸೆದ ಕೊಳವೆ, ಬಹುಮಟ್ಟಿಗೆ ಅಗ್ಗದ ಉಕ್ಕು. ಏಣಿಲ್ಲದೆ ನುಣುಪಾಗಿದ್ದರೆ ಕ್ರೋಮೊಲಿ ಇರುವ ಸಾಧ್ಯತೆ ಹೆಚ್ಚು. ಆದರೂ ಸ್ಟೀಯರರ್ ಮಾತ್ರ ಕ್ರೋಮೊಲಿ, ಕಾಲುಗಳು ಸಾದಾ ಉಕ್ಕು ಇರುವ ಫೋರ್ಕುಗಳು ಬೇಕಾದಷ್ಟಿವೆ.

## ರೇಕ್: ಕೆಲವೇ ಮಿಲಿಮೀಟರಿನ ಮಹಿಮೆ

ಸ್ಟೀಯರರ್‌ನ ನಡುಗೆರೆಯನ್ನು ಕೆಳಕ್ಕೆ ಎಳೆದರೆ ಆಕ್ಸಲ್ ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಆ ಅಂತರವೇ ರೇಕ್ ಅಥವಾ ಆಫ್‌ಸೆಟ್. ಅದೇ ನಡುಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರ್ ನೆಲ ಮುಟ್ಟುವ ಬಿಂದುವಿಗೂ ಇರುವ ದೂರ ಟ್ರೇಲ್. ಆಫೀಸು ಕುರ್ಚಿಯ ಪುಟ್ಟ ಚಕ್ರಗಳನ್ನು ನೋಡಿ. ಕುರ್ಚಿ ತಳ್ಳಿದ ಕೂಡಲೇ ಅವು ತಾವಾಗಿ ಹಿಂದಕ್ಕೆ ಹೊರಳಿ ಸಾಲಾಗುತ್ತವೆ. ಟ್ರೇಲ್ ಮಾಡುವ ಕೆಲಸ ಅದೇ: ಚಕ್ರವನ್ನು ನೇರ ದಾರಿಗೆ ಎಳೆದು ತರುವುದು.

ರೇಕ್ ಹೆಚ್ಚಿದರೆ ಟ್ರೇಲ್ ಕಡಿಮೆಯಾಗುತ್ತದೆ. ಚಕ್ರದ ತ್ರಿಜ್ಯ 250 ಮಿ.ಮೀ., ಹೆಡ್ ಟ್ಯೂಬ್ ಕೋನ 74.5 ಡಿಗ್ರಿ ಇದ್ದಾಗ 38 ಮಿ.ಮೀ. ರೇಕಿಗೆ ಟ್ರೇಲ್ 30, 32ಕ್ಕೆ 36, 25ಕ್ಕೆ 43. ಒಡಿಸ್ಸಿಯ ಆರ್32, ಆರ್25 ಎಂಬ ಹೆಸರುಗಳಲ್ಲಿರುವ ಅಂಕೆಗಳು ಈ ರೇಕೇ. ರೇಕ್ ಕಡಿಮೆಯಾದಂತೆ ಮುಂದಿನ ಚಕ್ರ ಸವಾರನ ಹತ್ತಿರಕ್ಕೆ ಬರುತ್ತದೆ, ಮುಂಚಕ್ರದ ಮೇಲೆ ನಿಂತು ಮಾಡುವ ಕಸರತ್ತು ಸುಲಭವಾಗುತ್ತದೆ. ಸಮತಟ್ಟು ನೆಲದ ಮೇಲೆ ಸೈಕಲ್ಲನ್ನು ಬುಗುರಿಯಂತೆ ತಿರುಗಿಸುವ ಫ್ಲ್ಯಾಟ್‌ಲ್ಯಾಂಡ್ ಆಟದವರು ಸೊನ್ನೆಯ ಹತ್ತಿರದ ರೇಕ್ ಬಳಸುವುದುಂಟು. ಆಗ ಫೋರ್ಕ್ ಹಿಂದುಮುಂದಾಗಿ ತಿರುಗಿದರೂ ಸೈಕಲ್ಲಿನ ಸಮತೋಲ ಬದಲಾಗುವುದಿಲ್ಲ.

ಹಳೆಯ ಚೌಕಟ್ಟಿಗೆ ಬೇರೆ ಫೋರ್ಕ್ ಹಾಕುವವರು ಉದ್ದವನ್ನೂ ನೋಡಬೇಕು. ಫೋರ್ಕ್ 10 ಮಿ.ಮೀ. ಉದ್ದವಾದರೆ ಹೆಡ್ ಟ್ಯೂಬ್ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ಹಿಂದಕ್ಕೆ ವಾಲುತ್ತದೆ, ತಿರುವು ಮಂದವಾಗುತ್ತದೆ.

## ವರ್ನಿಯರ್ ಕೈಗೆತ್ತಿಕೊಳ್ಳಿ

ಮಾರುವವರು ‘ಸ್ಟ್ಯಾಂಡರ್ಡ್ ಸೈಜು’ ಎಂದರೆ ನಂಬಬೇಡಿ, ಅಂಥದ್ದೊಂದು ಇಲ್ಲ. ವರ್ನಿಯರ್ ಕ್ಯಾಲಿಪರಿನಿಂದ, ಅಂದರೆ ಮಿಲಿಮೀಟರಿನ ಭಾಗಗಳನ್ನೂ ತೋರಿಸುವ ಅಳತೆಯ ಉಪಕರಣದಿಂದ, ಅಳೆಯಬೇಕಾದವು ಇಷ್ಟು:

- ಸ್ಟೀಯರರ್ ಹೊರವ್ಯಾಸ: 25.4 ಅಥವಾ 28.6 ಮಿ.ಮೀ.
- ಥ್ರೆಡ್ ಇರುವ 1 ಇಂಚಿನದಾದರೆ ಒಳವ್ಯಾಸ: 21.1 ಅಥವಾ 22.2ರ ಸ್ಟೆಮ್ ಯಾವುದು ಇಳಿಯುತ್ತದೆ ಎಂಬುದು.
- ಕ್ರೌನ್ ರೇಸ್ ಕೂರುವ ಜಾಗ: 26.4 ಅಥವಾ 27.0. ಈ 0.6 ಮಿ.ಮೀ. ಅಂತರ ಕಣ್ಣಿಗೆ ಕಾಣದು, ಆದರೆ 27ರ ರೇಸ್ 26.4ರ ಬುಡದಲ್ಲಿ ಸಡಿಲವಾಗಿ ಕುಣಿಯುತ್ತದೆ.
- ಡ್ರಾಪ್‌ಔಟ್‌ಗಳ ಒಳ ಅಂತರ: ಸುಮಾರು 100 ಮಿ.ಮೀ.
- ಡ್ರಾಪ್‌ಔಟ್ ಸೀಳು: ಎಂಟರಲ್ಲಿ ಮೂರು ಇಂಚಿನ ಆಕ್ಸಲ್‌ಗೆ ಸುಮಾರು 10 ಮಿ.ಮೀ., ಫ್ರೀಸ್ಟೈಲ್ ಕಾಲದ ದಪ್ಪ ಆಕ್ಸಲ್‌ಗೆ 14.

ಥ್ರೆಡ್ ಎಣಿಸಲು ಸ್ಕೇಲನ್ನು ಉದ್ದಕ್ಕೆ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಏಣು ಎಂದು ನೋಡಿ. ಬಿಎಂಎಕ್ಸ್‌ನ 1 ಇಂಚಿನದು ಸಾಮಾನ್ಯವಾಗಿ 24. ಹಳೆಯ ರ‍್ಯಾಲೀ ಸೈಕಲ್ಲುಗಳಲ್ಲಿ 26 ಇರುವುದುಂಟು. ನಟ್ಟು ಎರಡು ಸುತ್ತು ಹೋಗಿ ಬಿಗಿಯಾದರೆ ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ, ಬಿಚ್ಚಿ ಎಣಿಸಿ.

14 ಮಿ.ಮೀ. ಸೀಳಿಗೆ ಸಣ್ಣ ಆಕ್ಸಲ್ ಹಾಕುವುದಾದರೆ ಅದಕ್ಕೆಂದೇ ಸಿಗುವ ಅಡಾಪ್ಟರ್ ವಾಶರ್ ಬಳಸಬಹುದು. ಸಣ್ಣ ಸೀಳನ್ನು ಅರದಿಂದ ಉಜ್ಜಿ 14 ಮಾಡುವುದು ಮಾತ್ರ ಬೇಡ. ಡ್ರಾಪ್‌ಔಟ್‌ನ ಕಿವಿ ತೆಳುವಾಗಿ ಅಲ್ಲೇ ಒಡೆಯುತ್ತದೆ, ಜೊತೆಗೆ ಸಂಗ್ರಹದ ಬೆಲೆಯೂ ಹೋಗುತ್ತದೆ.

ಸ್ಟೀಯರರ್ ಉದ್ದವನ್ನು ಮರೆಯುವವರು ಬಹಳ. ಥ್ರೆಡ್ ಇರುವ ಫೋರ್ಕಿನಲ್ಲಿ ಹೆಡ್ ಟ್ಯೂಬಿನ ಉದ್ದಕ್ಕೆ ಹೆಡ್‌ಸೆಟ್ ಆಕ್ರಮಿಸುವ ಎತ್ತರ ಸೇರಿಸಿದರೆ ಬೇಕಾದ ಉದ್ದ ಸಿಗುತ್ತದೆ. ಉದ್ದ ಹೆಚ್ಚಾದರೆ ವಾಶರ್ ಹಾಕಬಹುದು ಅಥವಾ ಕತ್ತರಿಸಬಹುದು. ಸಾಲದಿದ್ದರೆ ದಾರಿಯೇ ಇಲ್ಲ. ಮೇಲಿನ ನಟ್ಟಿಗೆ ಎರಡೇ ಸುತ್ತು ಥ್ರೆಡ್ ಸಿಕ್ಕರೆ ಅದು ಬಿಗಿದಂತೆ ಕಂಡರೂ ಬಿಗಿದಿಲ್ಲ.

## ಬಾಗು ಮತ್ತು ಬಿರುಕು ಹುಡುಕುವುದು

ಮೊದಲು ಕ್ರೌನ್ ರೇಸ್ ಬಿಚ್ಚಿಸಿ. ಅದರಡಿ ಅಡಗಿದ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಸೀಮೆಎಣ್ಣೆ ಅಥವಾ ಥಿನ್ನರ್‌ನಿಂದ ಗ್ರೀಸ್ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಸ್ಟೀಯರರ್ ಬುಡದ ಮುಂಬದಿ, ಹಿಂಬದಿಗಳೇ ಮುಖ್ಯ, ಬಲ ಬೀಳುವುದು ಆ ಎರಡು ದಿಕ್ಕಿಗೆ. ಸುತ್ತ ಅಡ್ಡಲಾಗಿ ಓಡುವ ಸೂಜಿಗೆರೆ ಕಂಡರೆ, ಅದರಿಂದ ಕಂದು ಬಣ್ಣದ ತುಕ್ಕು ಕಣ್ಣೀರಿನಂತೆ ಇಳಿದಿದ್ದರೆ, ಆ ಫೋರ್ಕಿನ ಸವಾರಿ ಅಲ್ಲಿಗೆ ಮುಗಿಯಿತು. ಆಮೇಲೆ ಕಾಲು-ಸ್ಟೀಯರರ್ ಬೆಸುಗೆಯ ಅಂಚು, ಡ್ರಾಪ್‌ಔಟ್ ಬೆಸುಗೆಯ ಅಂಚು, ಥ್ರೆಡ್‌ನ ಕೊನೆಯ ಸುತ್ತು. ಬೆಸುಗೆಯ ಗುಡ್ಡದ ಮೇಲಲ್ಲ, ಗುಡ್ಡ ಕೊಳವೆಗೆ ಇಳಿಯುವ ಅಂಚಿನಲ್ಲಿ ನೋಡಬೇಕು.

ಅನುಮಾನ ಉಳಿದರೆ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿ. ಕೈಗಾರಿಕಾ ಸಾಮಾನಿನ ಅಂಗಡಿಗಳಲ್ಲಿ ಮೂರು ಸ್ಪ್ರೇ ಡಬ್ಬಿಗಳ ಸೆಟ್ಟಾಗಿ ಸಿಗುತ್ತದೆ: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಜಾಗವನ್ನು ಪೂರ್ತಿ ತೊಳೆದು ಒಣಗಿಸಿ ಕೆಂಪು ಡೈ ಹೊಡೆಯಿರಿ, ಹತ್ತಿಪ್ಪತ್ತು ನಿಮಿಷ ಬಿಡಿ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಫೋರ್ಕಿನ ಮೇಲೇ ನೇರವಾಗಿ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಈಗ ಬಿಳಿ ಡೆವಲಪರನ್ನು ತೆಳುವಾಗಿ ಹೊಡೆದು ಹತ್ತು ನಿಮಿಷ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಜಿನುಗಿ ಮೂಡುತ್ತದೆ. ಬಣ್ಣ ಬಳಿದ ಜಾಗದಲ್ಲಿ ಈ ಪರೀಕ್ಷೆ ನಡೆಯದು, ಬರಿಯ ಲೋಹ ಬೇಕು. ಕ್ರೋಮ್ ಲೇಪನದ ಮೇಲ್ಪದರದಲ್ಲೇ ಜೇಡರಬಲೆಯಂಥ ಸೀಳುಗಳಿದ್ದರೆ ಅವೂ ಕೆಂಪಾಗುತ್ತವೆ. ಬಲೆಯಂತೆ ಹರಡಿದ್ದರೆ ಲೇಪನದ್ದು, ಒಂದೇ ಗೆರೆಯಾಗಿ ಅಡ್ಡಕ್ಕೆ ಓಡಿದ್ದರೆ ಲೋಹದ್ದೆಂದೇ ತಿಳಿಯಿರಿ.

ಫೋರ್ಕ್ ಪಕ್ಕಕ್ಕೆ ಬಾಗಿದೆಯೇ ಎಂದು ನೋಡಲು ಚಕ್ರವೇ ಸಾಕು. ಚಕ್ರ ಹಾಕಿ, ರಿಮ್ಮಿನಿಂದ ಎಡಗಾಲಿಗೂ ಬಲಗಾಲಿಗೂ ಇರುವ ಅಂತರ ಅಳೆಯಿರಿ. ಎಡಕ್ಕೆ 24, ಬಲಕ್ಕೆ 28 ಬಂತೆನ್ನಿ. ಚಕ್ರ ಬಿಚ್ಚಿ, ಎಡಬಲ ತಿರುಗಿಸಿ ಮತ್ತೆ ಹಾಕಿ ಅಳೆಯಿರಿ. ಈಗ ಎಡಕ್ಕೆ 28, ಬಲಕ್ಕೆ 24 ಬಂದರೆ ತಪ್ಪು ಚಕ್ರದ್ದು, ಕಡ್ಡಿ ಬಿಗಿ ಸರಿಪಡಿಸಿದರಾಯಿತು. ಮತ್ತೆ ಎಡಕ್ಕೇ 24 ಬಂದರೆ ಫೋರ್ಕ್ ವಾಲಿದೆ.

ಹಿಂದಕ್ಕೆ ಬಾಗಿದ್ದನ್ನು ಪಕ್ಕದಿಂದ ನೋಡಿ ಕಂಡುಹಿಡಿಯಬೇಕು. ಉದ್ದನೆಯ ಸ್ಟೀಲ್ ಪಟ್ಟಿಯನ್ನು ಸ್ಟೀಯರರ್‌ನ ಹಿಂಬದಿಗೆ ಒರಗಿಸಿದರೆ ಬುಡದ ಬಳಿ ಬೆಳಕು ತೂರಬಾರದು. ನೇರ ಕಾಲಿನ, ಡ್ರಾಪ್‌ಔಟ್ ಮಾತ್ರ ಮುಂದೆ ಚಾಚಿದ ಫೋರ್ಕುಗಳಲ್ಲಿ ಕಾಲು ಮತ್ತು ಸ್ಟೀಯರರ್ ಪಕ್ಕನೋಟದಲ್ಲಿ ಒಂದೇ ಸಾಲಿನಲ್ಲಿರಬೇಕು. ಬಾಗಿದ್ದನ್ನು ಪೈಪ್ ಹಾಕಿ ಎಳೆದು ನೇರ ಮಾಡಿಕೊಡುವವರಿದ್ದಾರೆ. ಗೋಡೆಗೆ ತೂಗುಹಾಕುವುದಾದರೆ ಅಡ್ಡಿಯಿಲ್ಲ. ಓಡಿಸಲು ಬೇಡ. ಬಾಗಿದ್ದು ಒಂದು ಸಲ, ನೇರ ಮಾಡಿದ್ದು ಇನ್ನೊಂದು ಸಲ, ಆ ತಂತಿಯ ಲೆಕ್ಕವೇ ಇಲ್ಲೂ.

ಚೆನ್ನಾಗಿರುವ ಫೋರ್ಕನ್ನೂ ಸಡಿಲ ಹೆಡ್‌ಸೆಟ್ ಹಾಳು ಮಾಡುತ್ತದೆ. ಪ್ರತಿ ಗುಂಡಿಯಲ್ಲೂ ಕ್ರೌನ್ ರೇಸ್ ಸುತ್ತಿಗೆಯಂತೆ ಬಡಿಯುತ್ತದೆ. ಹ್ಯಾಂಡಲ್ಲನ್ನು ಅಡ್ಡಕ್ಕೆ ತಿರುಗಿಸಿ, ಕೆಳಗಿನ ಬೇರಿಂಗ್ ಜಾಗಕ್ಕೆ ಬೆರಳಿಟ್ಟು ಸೈಕಲ್ಲನ್ನು ಹಿಂದೆಮುಂದೆ ದೂಡಿ ನೋಡಿ. ಬೆರಳಿಗೆ ಟಕ್ ಎಂದರೆ ಬಿಗಿಯಬೇಕು. ಥ್ರೆಡ್ ಇಲ್ಲದ ಹೊಸ ಬಗೆಯಲ್ಲಿ ಮೊದಲು ಸ್ಟೆಮ್ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಮೇಲಿನ ಬೋಲ್ಟಿನಿಂದ ಆಟ ತೆಗೆದು, ಆಮೇಲೆ ಪಕ್ಕದವನ್ನು ಬಿಗಿಯಿರಿ. ಹಿಡಿದಿಡುವ ಕೆಲಸ ಪಕ್ಕದ ಬೋಲ್ಟುಗಳದ್ದು, ಮೇಲಿನದ್ದಲ್ಲ.

## ತುಕ್ಕು ತೆಗೆಯುವುದು, ಮರುಕ್ರೋಮ್ ಮಾಡಿಸುವುದು

ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅದರಡಿಯ ನಿಕ್ಕಲ್ ಪದರವೇ ಉಕ್ಕನ್ನು ಕಾಯುವುದು. ಆದ್ದರಿಂದ ಉಪ್ಪುಕಾಗದ ಮುಟ್ಟಿಸಲೇಬೇಡಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಲ್ಲಿ ಅದ್ದಿ ತಿಕ್ಕಿದರೆ ಮೇಲ್ತುಕ್ಕು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಗೀರು ಬೀಳುವುದಿಲ್ಲ. ಆಳದ ತುಕ್ಕಿಗೆ 5 ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ ಕರಗಿಸಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೆನೆಹಾಕಿ, ಗಂಟೆಗೊಮ್ಮೆ ತೆಗೆದು ನೋಡಿ. ಇದು ವಿಷ, ಕೈಗವಸು ಕಡ್ಡಾಯ, ಮಕ್ಕಳಿಂದ ದೂರ ಇರಲಿ. ಅಲ್ಯೂಮಿನಿಯಂ ಭಾಗಗಳನ್ನು ಅದೇ ತೊಟ್ಟಿಗೆ ಹಾಕಬೇಡಿ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ಕಾಲುಗಳಲ್ಲಿರುವ ಸಣ್ಣ ಗಾಳಿರಂಧ್ರಗಳಿಂದ ಒಳಗೂ ಎಣ್ಣೆ ಬಿಡಿ. ಹಳೆಯ ಫೋರ್ಕುಗಳು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುವುದು ಹೊರಗೆ ಗೊತ್ತೇ ಆಗುವುದಿಲ್ಲ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಇಡುವವರು ಮಳೆಗಾಲಕ್ಕೆ ಮೊದಲು ಹೀಗೆ ಒಳಗೆ ಎಣ್ಣೆ ಬಿಡುವುದನ್ನು ಪ್ರತಿವರ್ಷ ಮಾಡಬೇಕು.

ಮರುಕ್ರೋಮ್ ಮಾಡಿಸುವಾಗ ಎರಡು ಅಪಾಯ. ಗುಂಡಿ ಮುಚ್ಚುವ ಆಸೆಗೆ ಪಾಲಿಶ್ ಚಕ್ರ ಹೆಚ್ಚು ಒತ್ತಿದರೆ ಕೊಳವೆಯ ಗೋಡೆ, ಬೆಸುಗೆ ಎರಡೂ ಸವೆಯುತ್ತವೆ. ಎರಡನೆಯದು ಕಾಣದ ಅಪಾಯ. ಆಸಿಡ್ ತೊಟ್ಟಿಯಲ್ಲೂ ಲೇಪನದ ತೊಟ್ಟಿಯಲ್ಲೂ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಇಳಿದು ಅದನ್ನು ಹಪ್ಪಳದಂತೆ ಪೆಡಸು ಮಾಡುತ್ತದೆ. ಹದ ಮಾಡಿದ ಗಟ್ಟಿ ಉಕ್ಕಿಗೆ ಇದು ಹೆಚ್ಚು ತಗಲುತ್ತದೆ. ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಹಲವು ಗಂಟೆ ಇಟ್ಟರೆ ಹೈಡ್ರೋಜನ್ ಹೊರಹೋಗುತ್ತದೆ. ಲೇಪನದ ಅಂಗಡಿಗೆ ಫೋರ್ಕ್ ಕೊಡುವ ಮುನ್ನವೇ ಈ ಒಲೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅದು ಪ್ರದರ್ಶನಕ್ಕೆ ಮಾತ್ರ.

## ಸಂಗ್ರಹಕ್ಕೆ ಕೊಳ್ಳುವವರು ಕೇಳಬೇಕಾದ್ದು

ಸಂಗ್ರಾಹಕರ ಮಾತಿನಲ್ಲಿ ಎನ್‌ಒಎಸ್ ಎಂದರೆ ಅಂಗಡಿಯಲ್ಲೇ ಉಳಿದು, ಸೈಕಲ್ಲಿಗೆ ಹಾಕದೆ ಇರುವ ಹಳೆಯ ಸರಕು. ಹಾಗೆಂದು ಮಾರುವ ಫೋರ್ಕಿನ ಡ್ರಾಪ್‌ಔಟ್‌ಗಳ ಒಳಮುಖ, ಹೊರಮುಖ ಎರಡನ್ನೂ ನೋಡಿ. ಅಲ್ಲಿ ನಟ್ಟು, ವಾಶರ್ ಕಚ್ಚಿದ ಉಂಗುರದ ಗುರುತಿದ್ದರೆ, ಕ್ರೌನ್ ರೇಸ್ ಜಾಗದಲ್ಲಿ ಉಜ್ಜಿದ ಹೊಳಪಿದ್ದರೆ, ಅದು ಬಳಸಿದ್ದೇ. ಸರ್ವೈವರ್ ಎಂದರೆ ಬಳಸಿದ್ದರೂ ಮೂಲ ಕ್ರೋಮ್, ಮೂಲ ಸ್ಟಿಕ್ಕರ್ ಉಳಿಸಿಕೊಂಡದ್ದು. ತುಸು ತುಕ್ಕಿದ್ದರೂ ಇದಕ್ಕೆ ಮರುಕ್ರೋಮ್ ಮಾಡಿಸಿದ್ದಕ್ಕಿಂತ ಹೆಚ್ಚು ಗೌರವ. ಹೊಳಪನ್ನು ದುಡ್ಡು ಕೊಟ್ಟು ಯಾವಾಗ ಬೇಕಾದರೂ ತರಬಹುದು, ಮೂಲವನ್ನು ಒಮ್ಮೆ ಕಳೆದರೆ ಮತ್ತೆ ತರಲಾಗದು. ರೀಇಶ್ಯೂ ಎಂದರೆ ಅದೇ ಹೆಸರಿನಲ್ಲಿ ಮತ್ತೆ ತಯಾರಾದ ಹೊಸದು. ಲ್ಯಾಂಡಿಂಗ್ ಗಿಯರ್ ಇಂದಿಗೂ ಹೊಸದಾಗಿ ಸಿಗುತ್ತದೆ. 28.6 ಮಿ.ಮೀ.ನ ಥ್ರೆಡ್ ಇಲ್ಲದ ಸ್ಟೀಯರರ್ ಕಂಡರೆ ಅದು ಎಂಬತ್ತರ ದಶಕದ ಆರಂಭದ್ದಲ್ಲ ಎಂದು ಅಲ್ಲೇ ತೀರ್ಮಾನಿಸಬಹುದು, ಸ್ಟಿಕ್ಕರ್ ಏನೇ ಹೇಳಲಿ. ಹಳೆಯ ಮಾದರಿಯ ಸ್ಟಿಕ್ಕರುಗಳನ್ನು ಇಂದು ಸಲೀಸಾಗಿ ಮುದ್ರಿಸುತ್ತಾರೆ.

ಬ್ರೇಕ್ ತೂತನ್ನೂ ಗಮನಿಸಿ. ಕಾರ್ಖಾನೆಯಲ್ಲಿ ಕೊರೆದ ತೂತು ನಡುಮಧ್ಯ ಇದ್ದು, ಅದರ ಒಳ ಅಂಚಿಗೂ ಕ್ರೋಮ್ ಹರಿದಿರುತ್ತದೆ. ಮನೆಯಲ್ಲಿ ಡ್ರಿಲ್ ಹಿಡಿದು ಮಾಡಿದ ತೂತಿನ ಅಂಚಿನಲ್ಲಿ ಬರಿಯ ಉಕ್ಕು ಕಾಣುತ್ತದೆ. ಸ್ಟೀಯರರ್ ಬುಡದ ಅಷ್ಟು ಹತ್ತಿರದ ಓರೆಕೋರೆ ತೂತು ಬಿರುಕಿಗೂ ಬೀಜ.

ಪೂರ್ತಿ ಸೈಕಲ್ ಕೊಳ್ಳುವಾಗ ಕಾಲ ನಿರ್ಣಯಕ್ಕೆ ಜಪಾನಿನ ಶಿಮಾನೊ ಕಂಪನಿಯ ಬಿಡಿಭಾಗಗಳ ಮೇಲಿನ ಎರಡಕ್ಷರದ ಅಚ್ಚು ನೆರವಾಗುತ್ತದೆ. ಮೊದಲಕ್ಷರ ವರ್ಷ: ಎ ಎಂದರೆ 1976, ಬಿ 1977, ಹೀಗೆ ಮುಂದಕ್ಕೆ. ಎರಡನೆಯದು ತಿಂಗಳು, ಎ ಜನವರಿ, ಎಲ್ ಡಿಸೆಂಬರ್. ‘ಎಫ್‌ಸಿ’ ಎಂದಿದ್ದರೆ 1981ರ ಮಾರ್ಚ್. ಸೈಕಲ್ 1979ರದ್ದು ಎಂದು ಮಾರುವವರು ಹೇಳಿ, ಬಿಡಿಭಾಗದಲ್ಲಿ ಎಫ್‌ಸಿ ಇದ್ದರೆ ಆ ಭಾಗ ಆಮೇಲೆ ಬಂದದ್ದು, ಇಲ್ಲವೇ ಹೇಳಿದ ವರ್ಷ ತಪ್ಪು.

ಫೋಟೊ ನೋಡಿ ಕೊಳ್ಳುವುದಾದರೆ ಈ ಐದನ್ನು ಕೇಳಿ ತರಿಸಿಕೊಳ್ಳಿ: ರೇಸ್ ತೆಗೆದ ಸ್ಟೀಯರರ್ ಬುಡ ಮುಂದಿನಿಂದ ಮತ್ತು ಹಿಂದಿನಿಂದ, ಥ್ರೆಡ್ ಹತ್ತಿರದಿಂದ, ಸ್ಟೀಯರರ್ ಒಳಗೆ ಟಾರ್ಚ್ ಬಿಟ್ಟು, ಡ್ರಾಪ್‌ಔಟ್ ಎರಡೂ ಮುಖ, ಪೂರ್ತಿ ಫೋರ್ಕ್ ನಿಖರ ಪಕ್ಕನೋಟದಲ್ಲಿ. ಪಕ್ಕನೋಟದ ಫೋಟೊ ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳದಿರುವುದೇ ಲೇಸು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸಾಮಾನು ಹುಟ್ಟಿದ ನೆಲದಲ್ಲೇ, ಮನೆ ಮುಂದಿನ ಗ್ಯಾರೇಜ್ ಮಾರಾಟಗಳಲ್ಲಿ ಸಿಗುವ ಅವಕಾಶವಿದೆ. ಊರಿಗೆ ತರುವಾಗ ಅಥವಾ ಪಾರ್ಸೆಲ್ ಕಳಿಸುವಾಗ ಡ್ರಾಪ್‌ಔಟ್‌ಗಳ ನಡುವೆ ಸರಿಯಾಗಿ 100 ಮಿ.ಮೀ. ಉದ್ದದ ಮರದ ತುಂಡು ಅಥವಾ ಹಳೆಯ ಹಬ್ ಬಿಗಿಯಿರಿ, ಭಾರದ ಪೆಟ್ಟಿಗೆ ಮೇಲೆ ಬಿದ್ದರೂ ಕಾಲುಗಳು ಒಳಕ್ಕೆ ಅಮುಕುವುದಿಲ್ಲ. ಥ್ರೆಡ್ ಮೇಲೆ ಹಳೆಯ ನಟ್ಟೊಂದನ್ನು ತಿರುಗಿಸಿಟ್ಟು ಅದರ ಸುತ್ತ ರಟ್ಟು ಸುತ್ತಿ. ಸ್ಟಿಕ್ಕರಿನ ಮೇಲೆ ಅಂಟುಟೇಪು ತಾಗಿಸದೆ ಮೊದಲು ಬೆಣ್ಣೆಕಾಗದ ಸುತ್ತಿ, ಟೇಪನ್ನು ಅದರ ಮೇಲೆ ಹಾಕಿ.